ಮಂಜಣ್ಣ ಯಾರು, ಹಾಲೇಶಾ?

ದೋಸ್ತ್ ಹಾಲೇಶಾ,

ಪತ್ರ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಪಾಟಿ ಎಸೆದು ಪಂಕ್ಚರ್ ಹಾಕಲು ಕೂತವನು ನಾನು, ನಿನಗೆ ಗೊತ್ತಿರುವುದೇ. ಈ ಚೈತ್ರಾ ಬಿಡುತ್ತಿಲ್ಲ. ನೀನು ಸಾಯುವ ಮುಂಚೆ ನಿನ್ನನ್ನು ಕೂರಿಸಿಕೊಂಡು ಸಿನಿಮಾ ತೆಗೆದಳಲ್ಲ, ದಾವಣಗೆರೆ ಹುಡುಗಿ, ಅವಳೇ. "ಅಜ್ಜಾ, ನೀವು ಬಾಯಾಗೆ ಹೇಳಾಕೆ ಹೋದ್ರೆ ಬರೇ ಬೈತೀರಿ. ಬರೀರಿ. ಬರೆಯಾವಾಗ ಕೈ ನಿಧಾನ ಆಗತೈತೆ, ಸಿಟ್ಟೂ ನಿಧಾನ ಆಗತೈತೆ" ಅಂದಳು. ಎರಡು ಹಾಳೆ ಹರಿದು ಹಾಕಿದ್ದೇನೆ. ಕೈ ನಿಧಾನ ಆಗಿದೆ. ಸಿಟ್ಟು ಆಗಿಲ್ಲ.

ನಾವು ಕೊನೆಯ ಸಲ ನೋಡಿಕೊಂಡದ್ದು ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ. ನೀನು ಬಿಳಿಚೋಡಿನಿಂದ ಮೂರು ಬಸ್ಸು ಬದಲಿಸಿ ಬಂದಿದ್ದೆ. ಅರ್ಧರ್ಧ ಚಹಾ ಕುಡಿದೆವು. ನೀನು ಮಂಡಿ ನೋವಿನ ವಿಷಯ ಹೇಳಿದೆ, ಮೊಮ್ಮಗಳ ಕಾಲೇಜಿನ ವಿಷಯ ಹೇಳಿದೆ, ಒಂದು ತಾಸು ಮಾತಾಡಿದೆ. ಕ್ಯಾಮೆರಾ ಮುಂದೆ ಕೂತು ನನ್ನ ಕಥೆಯನ್ನೆಲ್ಲ ಬಿಚ್ಚಿ ಆಗಲೇ ಹದಿನೈದು ದಿನವಾಗಿತ್ತಂತೆ. ಅದೊಂದನ್ನು ಹೇಳಲಿಲ್ಲ. ಬಸ್ಸು ಹತ್ತುವಾಗ ನನ್ನ ಭುಜ ಹಿಡಿದು ಏನೋ ಹೇಳಲು ಬಾಯಿ ತೆರೆದೆ, ಕಂಡಕ್ಟರ್ ಸೀಟಿ ಊದಿದ, ನೀನು... ಹೋಗಲಿ ಬಿಡು. ಇನ್ನೊಂದು ತಿಂಗಳಿಗೆ ನೀನೇ ಇರಲಿಲ್ಲ.

ಸಿನಿಮಾ ತೋರಿಸಿದ್ದು ಚನ್ನಗಿರಿಯ ಒಂದು ಛತ್ರದಲ್ಲಿ. ನಮ್ಮಂಥವರ ಸಭೆ ಅದು, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು! ಗಂಡಸರನ್ನು ಇಷ್ಟಪಡುವ ಗಂಡಸರು, ಅವರ ದೋಸ್ತರು, ಮಗನ ಕೈ ಹಿಡಿದು ಬಂದ ಒಬ್ಬ ತಾಯಿ. ಈಗಿನವರು ತಮಗೆ ಇಂಗ್ಲಿಷಿನಲ್ಲಿ ಒಳ್ಳೊಳ್ಳೆಯ ಹೆಸರು ಇಟ್ಟುಕೊಂಡಿದ್ದಾರೆ. ನಮಗೆ ಹೆಸರೆಲ್ಲಿತ್ತು? ಬೈಗುಳ ಇತ್ತು. ಪಕ್ಕದಲ್ಲಿ ಕೂತವನೊಬ್ಬ "ಅಜ್ಜಾರೇ, ಯಾರ ಜೊತೆ ಬಂದೀರಿ?" ಎಂದು ಕೇಳಿದ. "ನನ್ ಜೊತೆ ನಾನೇ ಬಂದೀನಿ, ನಿಂಗೇನಾಗಬೇಕು?" ಅಂದೆ. ಆಮೇಲೆ ಪರದೆಯ ಮೇಲೆ ನಿನ್ನ ಮುಖ ಬಂತು. ನೀನು ಹೊಸ ಅಂಗಿ ಹಾಕಿದ್ದೆ.

ನಮ್ಮ ಕಾಲದ ಸಿನಿಮಾಗಳಲ್ಲಿ ನಮ್ಮಂಥವನು ಬರುತ್ತಿದ್ದದ್ದು ಹೆಂಗೆ ಹೇಳು? ಸೊಂಟ ತಿರುಗಿಸಿಕೊಂಡು, ಹೀರೋನ ಕೈಯಲ್ಲಿ ಕಪಾಳಕ್ಕೆ ಹೊಡೆಸಿಕೊಂಡು, ಜನರನ್ನು ನಗಿಸಿ ಹೋಗುವುದಕ್ಕೆ. ಅಂಥ ಸೀನು ಬಂದಾಗಲೆಲ್ಲ, ನ್ಯಾಮತಿ ಟೆಂಟ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ನೀನು ಮಿಷನ್ ರೂಮಿನಲ್ಲಿ ಸೌಂಡ್ ಪೂರ್ತಿ ಇಳಿಸುತ್ತಿದ್ದೆ. ಟೆಂಟಿನ ಜನ "ಸೌಂಡೋ! ಸೌಂಡೋ!" ಎಂದು ಬೆಂಚು ಬಡಿಯುತ್ತಿದ್ದರು. ಮಾಲೀಕ ಓಡಿ ಬಂದರೆ "ವೈರ್ ಲೂಸ್ ಐತೆ ಸಾವ್ಕಾರ್ರೇ" ಅನ್ನುತ್ತಿದ್ದೆ. ಆ ವೈರು ಆ ಸೀನಿಗೆ ಮಾತ್ರ ಹೆಂಗೆ ಲೂಸ್ ಆಗುತ್ತಿತ್ತು ಎಂದು ಆ ಮನುಷ್ಯನಿಗೆ ಕೊನೆಗೂ ಹೊಳೆಯಲಿಲ್ಲ. ಅಂಥ ಗಂಡೆದೆ ನಿನ್ನದು ಎಂದು ನಲವತ್ತು ವರ್ಷ ನಂಬಿಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ರೀಲು ಅದಲು ಬದಲಾದ ಕಥೆಯನ್ನು ಚೈತ್ರಾಳ ಸಿನಿಮಾದಲ್ಲಿ ನೀನು ಚೆನ್ನಾಗಿಯೇ ಹೇಳಿದೆ. ಹೊನ್ನಾಳಿ ಟಾಕೀಸಿಗೂ ನ್ಯಾಮತಿ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿದ ರೀಲುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಇಲ್ಲಿಗೆ ತಂದು ನಿನ್ನ ಕೈಗೆ ಕೊಡುವುದು ನನ್ನ ಕೆಲಸ. ಆ ಮ್ಯಾಟ್ನಿ ದಿನ ನಾನು ಚರಂಡಿಗೆ ಬಿದ್ದೆ, ಡಬ್ಬಿಗಳು ಉರುಳಿದವು, ಸಿಕ್ಕಂಗೆ ತುಂಬಿಕೊಂಡು ಓಡಿ ಬಂದೆ. ನೀನು ಯಾವತ್ತೂ ನಂಬರ್ ನೋಡದೆ ರೀಲು ಏರಿಸಿದವನಲ್ಲ. ಅವತ್ತು ನನ್ನ ಮೊಣಕಾಲಿನ ರಕ್ತ ನೋಡಿದೆ. ನಿನ್ನ ಟವೆಲ್ ಹರಿದು ಕಟ್ಟಿದೆ, ಕಟ್ಟುತ್ತಲೇ ಒಂದು ಕೈಯಲ್ಲಿ ರೀಲು ಏರಿಸಿದೆ. ಹೀರೋ ಸತ್ತು, ಮಣ್ಣಾಗಿ, ಮುಂದಿನ ರೀಲಿನಲ್ಲಿ ಬಾಸಿಂಗ ಕಟ್ಟಿಕೊಂಡು ಕುದುರೆ ಹತ್ತಿದ. ಟೆಂಟಿನಲ್ಲಿ ಸೀಟಿಯೋ ಸೀಟಿ. "ಲೇ ಗೌಸು, ಸತ್ತೋನಿಗೆ ಮದುವಿ ಮಾಡ್ಸಿದ್ಯಲ್ಲೋ ಹಲ್ಕಾ!" ಎಂದು ನೀನು ನಕ್ಕೆ. ಟವೆಲಿನ ಗಂಟಿನ ಮೇಲಿದ್ದ ನಿನ್ನ ಕೈ ಮಾತ್ರ ಅಲ್ಲೇ ಇತ್ತು. ನಮ್ಮದು ಶುರುವಾದದ್ದು ಆ ಗಂಟಿನಿಂದ.

ಛತ್ರದಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೆಮ್ಮೆಯಿಂದ. ಈಗ ನನ್ನ ಹೆಸರು ಬರುತ್ತದೆ ಎಂದು ಕಾದು ಕೂತೆ. ನೀನು ಕಣ್ಣು ಒರೆಸಿಕೊಂಡು, "ಮಂಜಣ್ಣ ಅಂತ ಅವನ ಹೆಸ್ರು" ಅಂದೆ. ಚೈತ್ರಾ ಕ್ಯಾಮೆರಾದ ಹಿಂದಿನಿಂದ, "ಅವ್ರು ಈಗ ಎಲ್ಲಿದಾರೆ ಅಜ್ಜಾ?" ಎಂದು ಕೇಳಿದಳು. "ಹೋಗಿ ಬಾಳ ವರ್ಷ ಆತು ತಾಯೀ. ಹೊನ್ನಾಳಿ ಹೊಳೆ ದಂಡ್ಯಾಗೆ ಸುಟ್ವಿ. ನಾನೇ ನಿಂತು ನೋಡ್ದೆ" ಅಂದೆ.

ಪಕ್ಕದವನು ಮೂಗು ಒರೆಸಿಕೊಂಡು "ಪಾಪ ಮಂಜಣ್ಣ" ಅಂದ. ನನ್ನ ಸಾವಿಗೆ ನನ್ನ ಪಕ್ಕದಲ್ಲೇ ಕೂತು ಅಳುತ್ತಿದ್ದಾನೆ, ಕೂಸು! ಎದ್ದು ನಿಂತು, "ಮಂಜಣ್ಣನೂ ಇಲ್ಲ ಗಿಂಜಣ್ಣನೂ ಇಲ್ಲ, ಬಂದ್ ಮಾಡ್ರೀ ಅದನ್ನ" ಎಂದು ಕೂಗಿದೆ. ಅಜ್ಜನಿಗೆ ವಯಸ್ಸಾಗಿದೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ಚೈತ್ರಾ ಹೊರಗೆ ಕರೆದುಕೊಂಡು ಹೋಗಿ ಕೂರಿಸಿದಳು. ಲುಂಗಿ ಎತ್ತಿ ಮೊಣಕಾಲಿನ ಕಲೆ ತೋರಿಸಿದೆ. ಟವೆಲ್ ಯಾವ ಬಣ್ಣದ್ದೆಂದು ಕೇಳಿದಳು. ಹಸಿರು ಅಂಚಿನದು ಅಂದೆ. ಅದನ್ನು ನೀನು ಅವಳಿಗೆ ಹೇಳಿದ್ದೆಯಂತೆ, ಸಿನಿಮಾದಲ್ಲಿ ಅವಳು ಹಾಕಿರಲಿಲ್ಲವಂತೆ. ಆಗ ನಂಬಿದಳು, ಆ ಮಂಜಣ್ಣ ನಾನೇ ಎಂದು.

ಕೋರ್ಟು ನಮ್ಮಂಥವರು ಅಪರಾಧಿಗಳಲ್ಲ ಎಂದ ದಿನ ನೀನು ಫೋನ್ ಮಾಡಿದ್ದು ನೆನಪಿದೆಯಾ? "ಗೌಸು, ಇವತ್ತಿಂದ ನಾವು ಕಳ್ಳರಲ್ಲ ಕಣೋ. ಲೈಸೆನ್ಸ್ ಮಾಡ್ಸಣ ಬಾ" ಅಂದೆ. ಮದುವೆಯ ಹಕ್ಕು ಕೊಡಲಾಗದು ಎಂದು ಅದೇ ಕೋರ್ಟು ಹೇಳಿದಾಗ, "ಈ ವಯಸ್ನಾಗೆ ಬಾಸಿಂಗ ನಿಂತೀತಾ ತಲೆ ಮ್ಯಾಲೆ?" ಎಂದು ನಾನು ನಗಿಸಿದೆ. ನೀನು ನಗಲಿಲ್ಲ. ಈ ನಡುವೆ ಊರಿನ ಗಾಳಿ ಬೇರೆಯಾಯಿತು. ಒಂದೇ ಬೆಂಚಿನ ಮೇಲೆ ಒಬ್ಬ ಹಾಲೇಶ, ಒಬ್ಬ ಗೌಸ್ ಚಹಾ ಕುಡಿದರೆ ತಿರುಗಿ ನೋಡುವವರು ಹೆಚ್ಚಿದರು. ಮೊಬೈಲಿನಲ್ಲಿ ಬೆಳಿಗ್ಗೆ ಎದ್ದರೆ ಅದೇ ವಿಷ. ನನ್ನ ಅಂಗಡಿಗೆ ಇಪ್ಪತ್ತು ವರ್ಷ ಬಂದ ಗಿರಾಕಿಗಳಲ್ಲಿ ಕೆಲವರು ಈಗ ಆಚೆ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋಗುತ್ತಾರೆ, ಚಕ್ರದಲ್ಲಿ ಗಾಳಿ ಇಲ್ಲದಿದ್ದರೂ. ಇದೆಲ್ಲ ನಾನು ನಿನಗೆ ಹೇಳುತ್ತಿದ್ದೆ. "ಹುಚ್ಚರು, ತಲೆ ಕೆಡಿಸ್ಕಬ್ಯಾಡ" ಎಂದು ನೀನು ಅನ್ನುತ್ತಿದ್ದೆ. ತಲೆ ಕೆಟ್ಟಿದ್ದು ಯಾರದು?

ಗಂಡಸೊಬ್ಬನ ಮೇಲೆ ಜೀವ ಇಟ್ಟುಕೊಂಡಿದ್ದೆ ಎಂದು ನಾಲ್ಕು ಜನರ ಮುಂದೆ ಹೇಳಲು ನಿನಗೆ ಧೈರ್ಯ ಬಂತು. ಆ ಗಂಡಸು ಸಾಬರವನು ಅನ್ನಲು ಬರಲಿಲ್ಲ. ಹೆಸರು ಹೇಳಲು ಭಯವಿದ್ದರೆ ಸುಮ್ಮನಿರಬಹುದಿತ್ತು. ಇಲ್ಲ, ನೀನು ಬೇರೆ ಹೆಸರಿಟ್ಟೆ, ಕೊಂದೆ, ಸಾಲದೆಂದು ಸುಟ್ಟೆ. ನಮ್ಮವರನ್ನು ಸುಡುತ್ತಾರೇನೋ? ನನಗೆ ಆರಡಿ ಮಣ್ಣನ್ನಾದರೂ ಬಿಡಬಾರದಿತ್ತಾ?

"ನಿಮ್ಮನ್ನ ಕಾಪಾಡಾಕೆ ಹಂಗಂದಿರಬೇಕು ಅಜ್ಜಾ" ಎಂದು ಚೈತ್ರಾ ಸಮಾಧಾನ ಮಾಡಿದಳು. ಇರಬಹುದು ಅಂದುಕೊಂಡೆ, ಎರಡು ದಿನ. ಇಲ್ಲವಾದರೆ ನಿನ್ನ ಹೆಂಡತಿ ಗಂಗಮ್ಮನಿಗೆ ನೋವಾಗದಿರಲಿ ಎಂದು ಇರಬಹುದು ಅಂದುಕೊಂಡೆ. ಮೂರನೇ ದಿನ ಬಿಳಿಚೋಡಿಗೇ ಹೋದೆ.

ನಿನ್ನ ಹೆಂಡತಿ ಒಳಗೆ ಕರೆದು ರೊಟ್ಟಿ ಹಾಕಿದಳು. ಕ್ಯಾಮೆರಾ ಮುಂದೆ ಕೂರುವ ಮೊದಲು ಅವಳಿಗೂ ಇದೇ ಮಂಜಣ್ಣನ ಕಥೆ ಹೇಳಿದ್ದೆಯಂತೆ. ಮೊಮ್ಮಗಳ ಮೊಬೈಲಿನಲ್ಲಿ ಸಿನಿಮಾವನ್ನೂ ನೋಡಿದ್ದಾಳೆ. ಸುಮ್ಮನೆ ಪಲ್ಯ ಬಡಿಸುತ್ತಾ ಹೇಳಿದಳು: "ಯಾವ ಮಂಜಣ್ಣನ್ನೂ ನಾನು ಕಾಣೆ ಗೌಸಣ್ಣಾ. ಈ ಮನೀಗೆ ವರ್ಷಕ್ಕೆ ಎಲ್ಡು ಸಲ ಬರ್ತಿದ್ದೋರು ನೀವೊಬ್ರೇ. ನೀವು ಬರಾ ದಿನ ನಮ್ಮ ಮನ್ಯಾರು ಮುಂಜಾನೆಗೇ ಗಡ್ಡ ಕೆರ್ಕೊಂಡು ಕುಂದರೋರು. ನಾನೇನು ಕುರುಡೀನಾ?" ಮುರಿದ ರೊಟ್ಟಿಯನ್ನು ತಾಟಿಗೇ ಇಟ್ಟೆ. "ನಂಗೆ ಸಿಟ್ಟಿಲ್ಲ ಅನ್ನಾಕೆ ಹೋಗಲ್ಲ, ಬಾಳ ಐತೆ. ಆದ್ರೆ ಬದುಕಿರೋರ್ನ ಸುಟ್ವಿ ಅಂದ್ರಲ್ಲ, ಆ ಮಾತು ನಂಗೂ ಸೇರ್ಲಿಲ್ಲ. ತಿನ್ರಿ" ಅಂದಳು.

ಗಂಡಸಿನ ವಿಷಯವನ್ನೇ ಅವಳ ಮುಂದೆ ಬಿಚ್ಚಿದ್ದೀಯ ಅಂದರೆ, ಹೆಸರು ಮುಚ್ಚಿದ್ದು ಅವಳಿಗಾಗಿಯೂ ಅಲ್ಲ. ಮತ್ತೆ ಯಾರಿಗಾಗಿ?

ಈಗ ನೀನು ಕೇಳದ ಸುದ್ದಿ. ಬರುವ ತಿಂಗಳು ಆ ಸಿನಿಮಾ ನ್ಯಾಮತಿಯಲ್ಲೇ ತೋರಿಸುತ್ತಾರೆ, ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ. "ನೀವು ಹ್ಞೂಂ ಅಂದ್ರೆ ಕೊನೇಗೆ ಎಲ್ಡು ಸಾಲು ಹಾಕ್ತೀನಿ, ಅವ್ರ ಹೆಸ್ರು ಗೌಸ್, ಬದುಕಿದಾರೆ ಅಂತ. ಬ್ಯಾಡ ಅಂದ್ರೆ ಹಂಗೇ ಬಿಡ್ತೀನಿ" ಎಂದಿದ್ದಾಳೆ ಚೈತ್ರಾ. ಶನಿವಾರ ಕೇಳಲು ಬರುತ್ತಾಳೆ. ಹ್ಞೂಂ ಅಂದರೆ ನನ್ನ ತಂಗಿಯ ಮಕ್ಕಳು ಮನೆಗೆ ಸೇರಿಸಲಿಕ್ಕಿಲ್ಲ. ಮಸೀದಿಯಲ್ಲಿ ಪಕ್ಕದ ಸಾಲು ಖಾಲಿಯಾದೀತು. ಅಂಗಡಿಗೆ ಕಲ್ಲು ಬಿದ್ದರೂ ಬಿತ್ತು, ಎರಡೂ ಕಡೆಯವರದು. ಬೇಡ ಅಂದರೆ ನಾನು ಹೊನ್ನಾಳಿ ಹೊಳೆ ದಂಡೆಯ ಬೂದಿ, ಅಷ್ಟೇ.

ನನಗೆ ಭಯ ಇಲ್ಲವೆಂದು ತಿಳಿಯಬೇಡ. ರಾತ್ರಿಯ ಔಷಧಿ ಎರಡು ಸಲ ನುಂಗಿದ್ದೇನೆ, ಮರೆತು. ಆದರೂ ಹ್ಞೂಂ ಅನ್ನುವವನೇ ನಾನು. ಮೊಣಕಾಲು ನನ್ನದು, ನಲವತ್ತು ವರ್ಷ ನನ್ನವು. ಅದಕ್ಕೆ ಮುಂಚೆ ನಿನ್ನ ಬಾಯಿಂದ ಒಂದು ಮಾತು ಬೇಕು. ಹೆಸರು ಬದಲಿಸಿದ್ದು ನನ್ನ ಜೀವ ಉಳಿಸಲೋ, ನನ್ನ ಹೆಸರಿನಿಂದ ನಿನಗೆ ನಾಚಿಕೆಯಾಯಿತೋ? ಸುತ್ತಿ ಬಳಸಿ ಹೇಳಬೇಡ. ಕನಸಲ್ಲಿ ಬಂದು ಹೇಳು, ಗಂಗಮ್ಮನ ಬಾಯಲ್ಲಿ ಹೇಳಿಸು, ಹೆಂಗಾದರೂ ಹೇಳು.

ಶನಿವಾರ ಸಂಜೆ ಐದು ಗಂಟೆಯೊಳಗೆ ನನಗೆ ಉತ್ತರ ಬೇಕು.

ಗೌಸ್
ನ್ಯಾಮತಿ