ನಡುವಿನ ಸ್ಟೇಷನ್ನಿನಲ್ಲಿ ಇಳಿದು ಹತ್ತುವುದು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಹೊಸ ಮನೆಯ ಮೆಟ್ಟಿಲು ಕಡಿದಾಗಿವೆ ಎಂದು ನೀನು ಬರೆದಿದ್ದೆ. ಭಾವನ ಕೆಮ್ಮು ನಿಂತಿತೇ? ಐವತ್ತು ದಾಟಿ ಮದುವೆಯಾದವರು ಮೊದಲ ವರ್ಷವನ್ನೆಲ್ಲ ಒಬ್ಬರಿಗೊಬ್ಬರು ಔಷಧಿ ನೆನಪಿಸುವುದರಲ್ಲೇ ಕಳೆಯುತ್ತಾರೇನೋ. ಅದೂ ಪ್ರೀತಿಯೇ ಇರಬೇಕು, ನನಗೇನು ಗೊತ್ತು. ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಹಾಗೇ ನಡೆದಿದೆ. ಸಂಜೆ ಅಂಗಿಯಿಂದ ಉದುರುವ ಬಿಳಿ ಪುಡಿಗೆ ಈಗ ಬೈಯುವವರಿಲ್ಲ. ಆದರೂ ಬಾಗಿಲ ಹೊರಗೇ ಕೊಡವುತ್ತೇನೆ.

ಟಿಕೆಟ್ಟಿನ ವಿಷಯ ಏನಾಯಿತು ಎಂದು ಕೇಳಿದ್ದೀಯ. ನೇರ ಟಿಕೆಟ್ಟಿಗಿಂತ ನಡುವಿನ ಸ್ಟೇಷನ್ನಿಗೊಂದು, ಅಲ್ಲಿಂದ ಮುಂದಕ್ಕೊಂದು ತೆಗೆದುಕೊಂಡರೆ ಅಗ್ಗವೆಂದು ಕಂಡುಹಿಡಿದವಳು ನೀನು. ಆಸ್ಪತ್ರೆಯ ಲೆಕ್ಕದ ವಿಭಾಗದಲ್ಲಿ ಕೂತವಳ ತಲೆಗೆ ಮಾತ್ರ ಹೊಳೆಯುವಂಥದು. ಎರಡು ಟಿಕೆಟ್ಟೆಂದರೆ ಎರಡು ಪ್ರಯಾಣ, ಆದ್ದರಿಂದ ನಡುವೆ ಇಳಿದು ನೆಲ ಮುಟ್ಟಲೇಬೇಕು ಎಂಬುದೂ ನಿನ್ನದೇ ಕಾನೂನು. ಅಷ್ಟು ವರ್ಷ ಪ್ರತಿ ಬೆಳಿಗ್ಗೆ ನಾವಿಬ್ಬರೂ ಆ ಪ್ಲಾಟ್‌ಫಾರ್ಮಿಗೆ ಇಳಿದು, ಅದೇ ಬಾಗಿಲಲ್ಲಿ ಮತ್ತೆ ಹತ್ತುತ್ತಿದ್ದೆವು. "ಬೇಗ ಹತ್ತೋ ಗೂಬೆ" ಎಂದು ನೀನು ತೋಳು ಹಿಡಿದೆಳೆಯುವಷ್ಟರಲ್ಲಿ ನಮ್ಮ ಸೀಟಿನಲ್ಲಿ ಯಾರೋ ಕೂತಿರುತ್ತಿದ್ದರು.

ನೀನು ಹೋದ ಮೇಲೂ ಇಳಿದು ಹತ್ತುತ್ತಿದ್ದೆ. ಕಳೆದ ವಾರ ಟಿಕೆಟ್ ತಪಾಸಣೆಯವನು ನೋಡಿಬಿಟ್ಟ. "ಏನ್ ಸ್ವಾಮಿ, ನೆಲ ಇನ್ನೂ ಅಲ್ಲೇ ಇದೆಯಾ ಅಂತ ದಿನಾ ನೋಡ್ಕೊಂಡು ಬರ್ತೀರಾ?" ಎಂದ. ವಿವರಿಸಿದೆ. "ಅಯ್ಯೋ, ಗಾಡಿ ಅಲ್ಲಿ ನಿಂತ್ರೆ ಸಾಕು, ನೀವ್ಯಾಕೆ ಇಳೀತೀರಿ?" ನನಗೆ ನಗು ತಡೆಯಲಾಗಲಿಲ್ಲ. ನಿನಗೆ ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ. ಯಾರದೋ ಒದ್ದೆ ಕೊಡೆ ಸೀಟಿಗೆ ಒರಗಿತ್ತು.

ಮಾರನೆಯ ದಿನ ಕೂತೇ ಇದ್ದೆ. ಗಾಡಿ ನಿಂತಿತು, ಹೊರಟಿತು. ಏನನ್ನೋ ಮರೆತು ಬಂದವನಂತೆ ಚೀಲ ತಡವಿ ನೋಡಿಕೊಂಡೆ. ಅದರ ಮಾರನೆಯ ದಿನ ಮತ್ತೆ ಇಳಿದೆ. ಎಳೆಯುವ ಕೈ ಇಲ್ಲದೆ ತುಸು ತಡವಾಯಿತು, ಬಾಗಿಲು ಮುಚ್ಚಿಕೊಂಡಿತು. ಮುಂದಿನ ಗಾಡಿ ಬರುವವರೆಗೆ ಬೆಂಚಿನ ಮೇಲೆ ಕೂತೆ. ಅಷ್ಟು ವರ್ಷ ಮೆಟ್ಟಿದ ನೆಲ, ಅಲ್ಲಿ ಕೂತದ್ದು ಅದೇ ಮೊದಲು. ಹಳಿಗಳಾಚೆ ಬಟ್ಟೆ ಒಣಹಾಕಿದ ಒಂದು ಬಾಲ್ಕನಿ ಇದೆ, ನಿನಗೆ ಗೊತ್ತಿತ್ತೇ?

ಕೊನೆಗೆ ಟಿಕೆಟ್ ಕೊಡುವಾಕೆಯನ್ನೇ ವಿಚಾರಿಸಿದೆ. ವಾರದ ಪಾಸಿಗಿಂತ ತಿಂಗಳದ್ದು, ತಿಂಗಳದ್ದಕ್ಕಿಂತ ವರ್ಷದ್ದು ಅಗ್ಗವಂತೆ. ರೈಲಿಗೂ ನೆಲದಡಿಯ ಮೆಟ್ರೋಗೂ ಒಂದೇ ಪಾಸು. ಕೊಂಡ ಮೇಲೆ ಮಾತ್ರ ದುಡ್ಡು ವಾಪಸ್ ಇಲ್ಲ. "ವರ್ಷವಿಡೀ ಇದೇ ಸ್ಟೇಷನ್ನಿಂದ ಓಡಾಡೋದು ಗ್ಯಾರಂಟಿ ತಾನೆ? ನಡುವೆ ಮನೆ ಬದಲಾಯಿಸಿದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ" ಎಂದಳು. ಯೋಚಿಸಿ ಹೇಳುತ್ತೇನೆಂದು ಬಂದೆ.

ನೀನು ಹೇಳಿದ ದಾರಿಯೂ ಇದೆ: "ಅಂಗಡಿ ಪಕ್ಕದಲ್ಲೇ ಒಂದು ರೂಮ್ ಮಾಡ್ಕೋ, ಟಿಕೆಟ್ಟೇ ಬೇಡ, ಅದಕ್ಕಿಂತ ಅಗ್ಗ ಯಾವುದಿದೆ?" ನಿನ್ನ ಲೆಕ್ಕ ಯಾವತ್ತೂ ಸರಿಯೇ. ಒಬ್ಬನಿಗೆ ಎರಡು ಕೋಣೆಯ ಮನೆ ಯಾಕೆ, ಇರುತ್ತೀಯೋ ಬಿಡುತ್ತೀಯೋ ಎಂದು ಮನೆ ಮಾಲೀಕರೂ ತಿಂಗಳ ಕೊನೆಯೊಳಗೆ ಉತ್ತರ ಕೇಳಿದ್ದಾರೆ. ರೂಮು ನೋಡಿ ಬಂದೆ. ಒಂದು ಮಂಚ, ಒಂದು ಕಿಟಕಿ. ಕಿಟಕಿಯಿಂದ ಕಾಣುವುದು ನಮ್ಮ ಅಂಗಡಿಯೇ. ಅಲ್ಲಿದ್ದರೆ ಎಲ್ಲಿಗೂ ಹೊರಡಬೇಕಾಗಿಲ್ಲ, ಎಲ್ಲಿಂದಲೂ ಬರಬೇಕಾಗಿಲ್ಲ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೋ.

ನಿನ್ನ ತಮ್ಮ,
ಗೂಬೆ

ಬರೆಯಲು ಮರೆತೆ: ನಿನ್ನೆ ವರ್ಷದ ಪಾಸು ಕೊಂಡೆ. ಇಲ್ಲೇ ಇರುತ್ತೇನೆಂದು ಮಾಲೀಕರಿಗೂ ಹೇಳಿಯಾಯಿತು. ಇಲ್ಲಿನ ಬೀಗದ ಕೈ ವಾಪಸ್ ಕಳಿಸುತ್ತೇನೆಂದು ಬರೆದಿದ್ದೆಯಲ್ಲ, ಕಳಿಸಬೇಡ. ಅದು ನಿನ್ನ ಹತ್ತಿರವೇ ಇರಲಿ.