ಒಂದೇ ಕಡೆಗೆ ವಾಲಿದ ಹಿಡಿಗಳು

ಮಂಗಳವಾರ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರ. ನನ್ನ ಅಕ್ಷರ ಕಾಗೆ ಕಾಲಿನ ಹಾಗಿದೆ, ಕಾಗುಣಿತವೂ ತಪ್ಪಿರುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಹೊಟ್ಟೆಗೆ ಹಾಕಿಕೊಂಡು ಓದಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಅಲ್ಲದೆ ನಿಮ್ಮ ತಾಯಿಯವರು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಾರೇನೋ ಎಂಬ ಗುಮಾನಿ. ನೋಡಿ, ತಪ್ಪು ಒಪ್ಪಿಕೊಳ್ಳಲು ಕೂತವಳು ಶುರುವಿಗೇ ಇನ್ನೊಬ್ಬರ ಮೇಲೆ ಅನುಮಾನಪಟ್ಟೆ.

ನೀವು ತವರಿಗೆ ಹೋಗಿ ತಿಂಗಳಾಗುತ್ತ ಬಂತು. ವಾಪಸ್ ಬನ್ನಿ ಎಂದು ಕೇಳಲು ಬರೆಯುತ್ತಿದ್ದೇನೆ. ನನ್ನ ಬಟ್ಟಲುಗಳ ಹಿಡಿಯನ್ನು ನೀವು ತಿರುಚಲಿಲ್ಲ. ಯಾರೂ ತಿರುಚಲಿಲ್ಲ. ಅದು ನನಗೆ ಹೇಗೆ ತಿಳಿಯಿತೆಂದು ಹೇಳುತ್ತೇನೆ, ಅರ್ಧಕ್ಕೇ ಮಡಿಸಿ ಇಡಬೇಡಿ.

ಒಂದು ವರ್ಷ ಕೆಂಪು ಮಣ್ಣಿನಲ್ಲಿ ಕೈ ಪಳಗಿಸಿದ ಮೇಲೆ ಆನ್‌ಲೈನ್ ಕ್ಲಾಸಿನ ಮೇಡಂ ಪಿಂಗಾಣಿ ಮಣ್ಣು ತರಿಸಿಕೋ ಎಂದರಲ್ಲ, ಅವತ್ತು ಇಸ್ತ್ರಿಗೆ ಬಂದಿದ್ದ ಬಟ್ಟೆಯ ಗಂಟನ್ನು ನನ್ನ ಕೈಯಿಂದ ಕಿತ್ತುಕೊಂಡು, "ಹೋಗು ಬೆಕ್ಕಮ್ಮ, ಇದು ನಂಗಿರ್ಲಿ" ಎಂದವರು ನೀವೇ. ಚಕ್ರದ ಮೇಲೆ ಆರು ಬಟ್ಟಲು ಎಬ್ಬಿಸಿದೆ. ಒಂದೊಂದಕ್ಕೂ ಹಿಡಿಯನ್ನು ನೂಲು ಹಿಡಿದ ಹಾಗೆ ನೆಟ್ಟಗೆ ಅಂಟಿಸಿ ಹಲಗೆಯ ಮೇಲಿಟ್ಟೆ. ನೀವು ಬಾಗಿಲಲ್ಲಿ ನಿಂತು, "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಕಣೇ, ಜೋಪಾನ" ಎಂದು ನಕ್ಕಿರಿ. ನಾನೂ ನಕ್ಕೆ.

ಭಟ್ಟಿಯಿಂದ ಬಂದಾಗ ಆರಕ್ಕೆ ಆರೂ ಸೊಟ್ಟ. ಹಿಡಿಯ ಮೇಲ್ತುದಿ ಒಂದೇ ಪಕ್ಕಕ್ಕೆ ವಾಲಿತ್ತು. ಕೆಂಪು ಮಣ್ಣಿನಲ್ಲಿ ನನಗೆ ಎಂದೂ ಹೀಗಾಗಿರಲಿಲ್ಲ. ಅಪ್ಪಿತಪ್ಪಿ ಯಾರದೋ ಕೈ ತಾಗಿದ್ದರೆ ಒಂದು ಅತ್ತ, ಒಂದು ಇತ್ತ ವಾಲಬೇಕಿತ್ತು. ಎಲ್ಲವೂ ಒಂದೇ ಕಡೆಗೆ ಎಂದರೆ ಬೇಕೆಂದೇ ಮಾಡಿದ್ದು. ಕರೆಂಟು ಕಂಬಕ್ಕೆ ಕೂರಿಸುವ ಪಿಂಗಾಣಿ ಸುಡುವ ಕಾರ್ಖಾನೆಯಲ್ಲಿ ನನ್ನ ಬಟ್ಟಲುಗಳನ್ನೂ ಸುಟ್ಟುಕೊಡುವ ಭಟ್ಟಿಯವನನ್ನು ಕೇಳಿದೆ. "ಹಿಡಿ ತಿರುಚೋಕೆ ಭಟ್ಟಿಯೊಳಗೆ ಕೋತಿ ಸಾಕಿದೀನಾ ತಾಯಿ?" ಎಂದ. ಅಣ್ಣನಂತೂ ನನ್ನ ಚಕ್ರವಿರುವ ಕೋಣೆಗೆ ಕಾಲಿಡುವುದಿಲ್ಲ. ಆಗ ನಿಮ್ಮ ದೊಣ್ಣೆಯ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಈ ಸಲ ನಗು ಬರಲಿಲ್ಲ.

ಇನ್ನೂ ಆರು ಮಾಡಿದೆ. ಫೋನನ್ನು ಬಟ್ಟೆಗಂಟುಗಳ ಸಂದಿಯಲ್ಲಿ ಅಡಗಿಸಿ, ವಿಡಿಯೋ ಹಾಕಿ, ಗಿರಾಕಿಗಳಿಗೆ ಬಟ್ಟೆ ಕೊಡಲು ಹೋದೆ. ಅವತ್ತು ಕ್ಲಾಸಿತ್ತು. ಕ್ಲಾಸು ಹೋದರೆ ಹೋಗಲಿ, ಕಳ್ಳಿ ಸಿಗಲಿ ಎಂದುಕೊಂಡೆ. ಹಾಗೇ ಅಂದುಕೊಂಡೆ ಅತ್ತಿಗೆ, ಆ ಮಾತನ್ನು ಮುಚ್ಚಿಡುವುದಿಲ್ಲ. ವಿಡಿಯೋದಲ್ಲಿ ನೀವು ಬಂದಿರಿ, ಹಲಗೆಯ ಮುಂದೆ ನಿಂತಿರಿ, ಬಗ್ಗಿ ಕೈ ಚಾಚಿದಿರಿ. ಅಷ್ಟಕ್ಕೆ ಫೋನಿನಲ್ಲಿ ಜಾಗ ಮುಗಿದು ನಿಂತುಹೋಯಿತು. ಆ ಆರೂ ಸೊಟ್ಟಗೇ ಬಂದವು.

ಮೇಜಿನ ಮೇಲೆ ಅವನ್ನು ಸಾಲಾಗಿಟ್ಟು ನಿಮಗೆ ವಿಡಿಯೋ ತೋರಿಸಿದೆ. ನಾಲ್ಕು ಜನರ ಮುಂದೆ ಬಾಯಿ ಬಿಡದವಳಿಗೆ ಅವತ್ತು ಎಲ್ಲಿಂದ ಬಂತೋ ಮಾತು. ಹೊಟ್ಟೆಕಿಚ್ಚು ಎಂದೆ, ಇನ್ನೂ ಏನೇನೋ ಅಂದೆ. ನೀವು ಬಟ್ಟಲುಗಳ ಕಡೆ ನೋಡಲೇ ಇಲ್ಲ. "ನನ್ನ ಮೇಲೆ ಕಾವಲು ಹಾಕಿದ್ಯಾ?" ಎಂದಷ್ಟೇ ಕೇಳಿ ಚೀಲ ತುಂಬಿಕೊಂಡಿರಿ.

ಅದಾಗಿ ಒಂಬತ್ತು ದಿನಕ್ಕೆ, ತಪ್ಪಿಹೋಗಿದ್ದ ಆ ಕ್ಲಾಸಿನ ರೆಕಾರ್ಡಿಂಗ್ ಹಾಕಿ ಕೇಳಿದೆ. ಮೇಡಂ ಹೇಳುತ್ತಿದ್ದರು: "ಚಕ್ರದ ಮೇಲೆ ಎಳೆಯುವಾಗ ಪಿಂಗಾಣಿ ಸುತ್ತಿಕೊಂಡು ಮೇಲೇಳತ್ತೆ. ಬೆಂಕೀಲಿ ಆ ಸುತ್ತು ಬಿಚ್ಕೊಳ್ಳತ್ತೆ. ಹಿಡಿ ನೆಟ್ಟಗಿಟ್ರೆ ಸೊಟ್ಟ ಆಗೇ ಆಗತ್ತೆ. ಅದಕ್ಕೇ ಮೊದಲೇ ಎದುರು ಪಕ್ಕಕ್ಕೆ ಒಂಚೂರು ವಾಲಿಸಿ ಅಂಟಿಸಿ." ಕೊನೆಗೆ ಇನ್ನೊಂದು ಮಾತು: ಒಣಗುವ ಪಿಂಗಾಣಿಗೆ ಗಾಳಿ ಬಡಿಯಬಾರದು, ಕಿಟಕಿ ಮುಚ್ಚಿಡಿ ಎಂದು ಎಷ್ಟು ಸಲ ಹೇಳಿದೀನಿ ಎಂದು ಎಲ್ಲರನ್ನೂ ಗದರಿದರು.

ಹಲಗೆಯ ಹಿಂದೆ ಇರುವುದು ಕಿಟಕಿ. ವಿಡಿಯೋ ಹಾಕಿದ ದಿನ ನಾನು ತೆರೆದಿಟ್ಟು ಹೋಗಿದ್ದೆ, ಬಂದಾಗ ಮುಚ್ಚಿತ್ತು. ಯಾರೂ ನೋಡಬಾರದೆಂದು ಮುಚ್ಚಿದಿರಿ ಎಂದು ಅದನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸಿದ್ದೆ. ಇಸ್ತ್ರಿ ಮಾಡುತ್ತ ಮಾಡುತ್ತ ನನ್ನ ಕ್ಲಾಸು ಕೇಳಿಸಿಕೊಂಡು, ನಾನು ಮರೆತದ್ದನ್ನು ನೀವು ನೆನಪಿಟ್ಟಿದ್ದಿರಿ.

ಇಷ್ಟಾದರೂ ನಾನು ನಂಬಲಿಲ್ಲ. ನೀವೇ ಮೇಡಂಗೆ ಫೋನು ಮಾಡಿ ಹಾಗೆ ಹೇಳಿಸಿರಬೇಕು ಎನಿಸಿತು. ಎರಡು ಬಟ್ಟಲು ಮಾಡಿ, ಒಂದರ ಹಿಡಿ ನೆಟ್ಟಗೆ, ಇನ್ನೊಂದರದು ವಾಲಿಸಿ ಅಂಟಿಸಿದೆ. ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡೆ. ಭಟ್ಟಿಗೆ ನಾನೇ ಒಯ್ದೆ, ಬಾಗಿಲು ತೆರೆಯುವಾಗ ಎದುರಿಗೇ ನಿಂತಿದ್ದೆ. ನೆಟ್ಟಗಿದ್ದದ್ದು ಸೊಟ್ಟ ಬಂತು, ವಾಲಿದ್ದದ್ದು ನೆಟ್ಟಗೆ ಬಂತು. "ಒಂದಾದ್ರೂ ಸರಿ ಬಂತಲ್ಲ, ಅಳೋದ್ಯಾಕೆ?" ಎಂದ ಭಟ್ಟಿಯವ.

ಬನ್ನಿ ಅತ್ತಿಗೆ. ಬಂದು ಬೈಯಿರಿ. ಪರವಾಗಿಲ್ಲ ಬಿಡು ಎಂದು ಮಾತ್ರ ಬರೆಯಬೇಡಿ. ಹಾಗೆ ಬರೆದರೆ ಮನಸ್ಸಿನಲ್ಲಿ ಏನಿಟ್ಟುಕೊಂಡು ಬರೆದರೋ ಎಂದು ಮತ್ತೆ ಶುರುವಾಗುತ್ತದೆ ನನಗೆ.

ನಿಮ್ಮ ಕಾಲಿಗೆ ಬೀಳುವ,
ಬೆಕ್ಕಮ್ಮ

ಮರೆತ ಮಾತು: ಅಣ್ಣ ಹೋದ ಭಾನುವಾರ ಅಲ್ಲಿಗೆ ಬಂದು ಕ್ಷಮೆ ಕೇಳಿದನಲ್ಲ, ಯಾತಕ್ಕೆಂದು ನಿಮಗೆ ತಿಳಿದಿರಲಿಕ್ಕಿಲ್ಲ. "ನೀನು ಅತ್ತಿಗೆ ಮೇಲೆ ರೇಗಿದ್ದಕ್ಕೇ ಅವರು ಹೋದರು" ಎಂದು ನಾನೇ ಅವನಿಗೆ ಹೇಳಿದ್ದೆ. ನೀವೂ ಅವನಿಗೆ ನಿಜ ಹೇಳಲಿಲ್ಲವಂತೆ. ಯಾಕೆ ಹೇಳಲಿಲ್ಲವೆಂದು ಎರಡು ದಿನ ಅದಕ್ಕೂ ಅನುಮಾನಪಟ್ಟೆ. ಇವತ್ತು ಬೆಳಿಗ್ಗೆ ಅವನಿಗೆ ಎಲ್ಲ ಹೇಳಿದೆ. ಅವನು ಖಾಲಿ ಕವರಿಗೆ ಸ್ಟ್ಯಾಂಪು ಅಂಟಿಸಿ, ಅದರ ಮೇಲೆ ಮುಷ್ಟಿಯಿಂದ ಎರಡು ಸಲ ಗುದ್ದಿ, ನನ್ನ ಮುಂದಿಟ್ಟು ಕೆಲಸಕ್ಕೆ ಹೋದ.