ಅಪ್ಪನ ಊಟ ಮುಗಿಯದ ಮಧ್ಯಾಹ್ನ

ಜಾರ್ಜ್ ಟೌನ್, ಪಿನಾಂಗ್
ಜನವರಿ 12

ಪ್ರೀತಿಯ ಗೈಕ್ ಇಮ್,

ಎಡೆಯ ದಿನದ ನಾಣ್ಯಗಳ ವಿಷಯ ನಿನಗೆ ಬರೆಯದೇ ಇದ್ದುಬಿಡೋಣ ಎಂದುಕೊಂಡಿದ್ದೆ. ಅಪ್ಪನ ವರ್ಷದ ಎಡೆ ಚೆನ್ನಾಗಿ ಆಯಿತು, ಅಮ್ಮ ಆರೋಗ್ಯವಾಗಿದ್ದಾಳೆ ಎಂದು ನಾಲ್ಕು ಸಾಲು ಗೀಚಿ ಲಕೋಟೆ ಅಂಟಿಸುವುದು ಸುಲಭವಿತ್ತು. ಕಾನ್ವೆಂಟಿನಲ್ಲಿ ಗಣಿತ ಕಲಿತವಳು ನಾನು. ಎರಡು ನಾಣ್ಯ ಎಸೆದರೆ ಒಂದು ದಾಸವಾಳದ ಮುಖ, ಒಂದು ಅಂಕಿಯ ಮುಖ ಬೀಳುವ ಸಾಧ್ಯತೆ ಅರ್ಧಕ್ಕರ್ಧ ಎಂದು ಗೊತ್ತು. ಆದರೂ ಮೊನ್ನೆಯಿಂದ ಮೈ ಜುಮ್ಮೆನ್ನುವುದು ನಿಂತಿಲ್ಲ.

ಹೋದ ಶರತ್ಕಾಲದಲ್ಲಿ ಅಷ್ಟು ದೂರದ ಟ್ಬಿಲಿಸಿಗೆ, ನಿನ್ನ ಹೋಟೆಲಿಗೆ ನಾನು ಬಂದಿದ್ದನ್ನು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿಯ ಊಟ ನೆನಪಿದೆಯಾ? ತುತ್ತು ಮುಟ್ಟುವ ಮೊದಲು ನಿನ್ನ ವಖ್ತಾಂಗ್ ಎದ್ದು ನಿಂತು, ಲೋಟ ಎತ್ತಿ, ತೀರಿಕೊಂಡವರ ಹೆಸರುಗಳ ಜೊತೆ ನಮ್ಮ ಅಪ್ಪನ ಹೆಸರನ್ನೂ ಹೇಳಿದ. ತನ್ನನ್ನು ಒಮ್ಮೆಯೂ ಅಳಿಯ ಎಂದು ಕರೆಯದವರ ಹೆಸರು. ಸತ್ತವರಿಗೆ ಮೊದಲು ಬಡಿಸುವುದು ನಮ್ಮಲ್ಲಿ ಮಾತ್ರ ಎಂದು ತಿಳಿದಿದ್ದೆ ನಾನು. ಮರುದಿನ ನಿನ್ನ ಅತ್ತೆ ಬದನೆಕಾಯಿ ಸುರುಳಿಯ ಹೂರಣಕ್ಕೆ ಅಕ್ರೋಟು ಕುಟ್ಟಲು ನನ್ನ ಕೈಗೆ ಒರಳು ಕೊಟ್ಟು, “ಎಣ್ಣೆ ಬಿಡೋ ತನಕ ಕುಟ್ಟೇ, ಇದೇನು ಮಗುವಿನ ಗಂಜಿನಾ?” ಎಂದು ಗದರಿದ್ದನ್ನು ನೀನು ನಗುತ್ತಾ ಅನುವಾದಿಸಿದ್ದೆ.

ಅದೇ ಬದನೆಕಾಯಿ ಸುರುಳಿಗಳನ್ನು ಎಡೆಯ ದಿನ ಬೆಳಗ್ಗೆ ಮಾಡಿದೆ.  ಆದರೆ ಎಡೆಯ ಮೇಜಿನ ಮೇಲಿಡುವ ಧೈರ್ಯ ಇರಲಿಲ್ಲ. ಮುಚ್ಚಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಪ್ರತಿ ಭಾನುವಾರ ನಮ್ಮಿಬ್ಬರನ್ನೂ ಹೊಸ ಹೋಟೆಲಿಗೆ ಕರೆದೊಯ್ಯುತ್ತಿದ್ದ ಅಪ್ಪ, ಬರ್ಮಾದವರ ಚಹಾ ಎಲೆಯ ಕೋಸಂಬರಿ, ಯೆಮೆನಿನವರ ಕುರಿಮಾಂಸದ ಅನ್ನ ಯಾವುದಕ್ಕೂ ಮುಖ ತಿರುಗಿಸದ ಅಪ್ಪ, “ಮೊದಲು ಅವರ ತಟ್ಟೆ ಖಾಲಿ ಮಾಡಿ, ಆಮೇಲೆ ಬೇಕಾದ್ರೆ ಅವರ ಬಗ್ಗೆ ಮಾತಾಡಿ” ಎನ್ನುತ್ತಿದ್ದ ಅಪ್ಪ, ನೀನು ಹೇಳದೆ ಮದುವೆಯಾದ ಮೇಲೆ ಭೂಮಿಯ ಮೇಲೆ ಒಂದೇ ಒಂದು ಮೇಜಿಗೆ ಮಾತ್ರ ಕೂರುವುದಿಲ್ಲ ಎಂದು ಹಟ ಹಿಡಿದರು. ನಿನ್ನದಕ್ಕೆ.

ಕಪಿತಾನ್ ಕೋಳಿಸಾರು, ಹುಣಸೆ ಸಿಗಡಿ, ಅವರ ಇಷ್ಟದ ಎಲ್ಲವನ್ನೂ ಅಮ್ಮನೇ ಜೋಡಿಸಿದಳು. ಊದುಬತ್ತಿ ಅರ್ಧ ಉರಿದಾಗ ತಟ್ಟೆಯ ಮುಂದೆ ಮಂಡಿಯೂರಿ, ಊಟವಾಯಿತೇ ಎಂದು ಅಪ್ಪನನ್ನು ಕೇಳಿ ಎರಡು ನಾಣ್ಯ ಎಸೆದಳು; ಬೇರೆ ಬೇರೆ ಮುಖ ಬಿದ್ದರೆ ಹೌದು ಎಂದು ತಾನೆ ಲೆಕ್ಕ. ನಾನು ಅವಳ ಭುಜಕ್ಕೆ ತಾಗಿಕೊಂಡೇ ಕೂತಿದ್ದೆ. ಅಮ್ಮ ಬಗ್ಗಿ ನೋಡಿ, ಅಂಗೈ ಮುಚ್ಚಿ ನಾಣ್ಯ ಬಾಚಿಕೊಂಡು, “ಎರಡೂ ಒಂದೇ ಮುಖ. ಇನ್ನೂ ಆಗಿಲ್ಲವಂತೆ” ಎಂದಳು.

“ಸಂಬಲ್ ಇಟ್ಟಿಲ್ಲ ನೋಡು, ಅಣ್ಣಂಗೆ ಖಾರ ಇಲ್ದೆ ಇಳಿಯುತ್ತಾ?” ಎಂದು ಸೋದರತ್ತೆ ಬೈದಳು. ಸಂಬಲ್ ಬಂತು. ಮತ್ತೆ ಎಸೆದಳು, ಮತ್ತೆ ಬಾಚಿಕೊಂಡಳು. “ಇಲ್ಲ.”

“ಬದುಕಿದ್ದಾಗ್ಲೂ ಹಿಂಗೇ ತಾನೆ? ಎಲ್ರೂ ಕೈ ತೊಳೆದ ಮೇಲೆ ಮಾವ ಇನ್ನೊಂದು ತಟ್ಟೆ ತರಿಸ್ತಿದ್ರು!” ಎಂದ ಅತ್ತೆಯ ಮಗ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. ನನ್ನ ಕಡೆ ತಿರುಗದೆಯೇ, “ಗೈಕ್ ಸೀ, ಒಳಗೆ ಮೂಲೇಲಿ ಏನೋ ಮುಚ್ಚಿಟ್ಟಿದ್ದೀಯಲ್ಲ, ತಗೊಂಡು ಬಾ” ಎಂದಳು.

ಎದ್ದು ಹೋಗಿ ತಟ್ಟೆ ತಂದೆ. ಎಲ್ಲರ ಮುಂದೆ ಮುಚ್ಚಳ ತೆಗೆದೆ. “ಇದ್ಯಾವ ದೇಶದ್ದೇ? ಅಣ್ಣ ಇದನ್ನ ಮುಟ್ತಾನಾ?” ಎಂದು ಅತ್ತೆ ಮೂಗು ಮುರಿದಳು.

“ನನ್ನ ಚಿಕ್ಕ ಮಗಳ ಮನೇದು. ಮುಟ್ತಾರೋ ಇಲ್ವೋ ಅವರನ್ನೇ ಕೇಳೋಣ” ಎಂದಳು ಅಮ್ಮ. ನಾನು ಬಾಯಿ ಬಿಡದಿದ್ದರೂ ಅವಳಿಗೆ ಹೇಗೋ ಗೊತ್ತಾಗಿತ್ತು.

ಹುಣಸೆ ಸಿಗಡಿಯ ಪಕ್ಕದಲ್ಲಿ, ಅಪ್ಪನ ಬಟ್ಟಲಿಗೆ ಅತಿ ಹತ್ತಿರ ಅದನ್ನಿಟ್ಟು ಎಸೆದಳು. ಈ ಸಲ ನಾಣ್ಯ ಮುಟ್ಟಲಿಲ್ಲ. ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಎಲ್ಲರೂ ಬಗ್ಗಿ ನೋಡಿದೆವು. ಒಂದು ದಾಸವಾಳ, ಒಂದು ಅಂಕಿ.  

ಆಮೇಲೆ ಊಟಕ್ಕೆ ಕೂತಾಗ ಮೂಗು ಮುರಿದ ಅತ್ತೆಯೇ ಸುರುಳಿಗಳನ್ನು ಮತ್ತೆ ಮತ್ತೆ ಎತ್ತಿಕೊಂಡಳು. ಮೇಲೆ ಉದುರಿಸಿದ್ದ ದಾಳಿಂಬೆ ಕಾಳನ್ನೂ ಬಿಡಲಿಲ್ಲ. ಅಮ್ಮ ಒಂದನ್ನು ನಿಧಾನವಾಗಿ ಅಗಿದು, “ಚೆನ್ನಾಗಿದೆ, ಆದ್ರೆ ಹುಳಿ ಸಾಲದು” ಎಂದಳು. ಏಪ್ರಿಲಿನಲ್ಲಿ ಹಿರಿಯರ ಸಮಾಧಿ ಶುಚಿ ಮಾಡುವ ಹಬ್ಬಕ್ಕೆ ಇದನ್ನು ನಾನು ಮಾಡುವುದು ಬೇಡವಂತೆ. ಮಾಡಬೇಕಾದವಳೇ ಬಂದು, ಗಂಡನನ್ನೂ ಕರೆತಂದು, ಈ ಮನೆಯ ಒರಳಿನಲ್ಲೇ ಮಾಡಬೇಕಂತೆ. ಅವಳು ಹೇಳಿದ್ದನ್ನು ಹಾಗೆಯೇ ಬರೆದಿದ್ದೇನೆ.

ನಿನ್ನ ಅಕ್ಕ,
ಗೈಕ್ ಸೀ

ಮರೆತದ್ದಲ್ಲ, ಹೇಳಲು ಅಂಜಿದ್ದು: ಅಮ್ಮನ ಅಂಗೈ ಮುಚ್ಚುವ ಮೊದಲು ನಾನು ನೋಡಿದ್ದೆ. ಮೊದಲ ಸಲವೇ ಒಂದು ದಾಸವಾಳ, ಒಂದು ಅಂಕಿ ಬಿದ್ದಿತ್ತು. ಎರಡನೆಯ ಸಲವೂ ಹಾಗೆಯೇ. ಅಪ್ಪನ ಊಟ ಆಗಲೇ ಮುಗಿದಿತ್ತು. ಅಮ್ಮ ಅವರನ್ನು ಏಳಲು ಬಿಡಲಿಲ್ಲ. ಎಡೆಯ ಅಡುಗೆಯ ಉಪ್ಪು ನೋಡಲೂ ಹೆದರುವ ನಮ್ಮಮ್ಮ ಹಿರಿಯರ ಮುಂದೆ ಎರಡು ಸಲ ಸುಳ್ಳು ಹೇಳಿದಳು, ಗೈಕ್ ಇಮ್. ಮೂರನೆಯ ಸಲ ಮಾತ್ರ ಅಪ್ಪನಿಗೇ ಬಿಟ್ಟಳು. ಅರ್ಧಕ್ಕರ್ಧ ಎಂದು ನಾನು ಎಷ್ಟು ಹೇಳಿಕೊಂಡರೂ, ಬಿಟ್ಟ ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿನಗೆಂದು ಅವಳು ಹುಳಿಹಣ್ಣಿನ ಹೋಳುಗಳನ್ನು ಮಹಡಿಯಲ್ಲಿ ಒಣಗಲು ಹಾಕಿದ್ದಾಳೆ. ಜನವರಿ 16, ಗುರುವಾರದ ಹೊತ್ತಿಗೆ ಒಣಗುತ್ತವೆ; ಅಂದೇ ಈ ಪತ್ರದ ಜೊತೆ ಕಟ್ಟಿ ಅಂಚೆಗೆ ಹಾಕುತ್ತೇನೆ.